ತುದಿ ಚಿವುಟಿದ ವೀಳ್ಯ

ಗಂಡ ಸೋಲುತ್ತಾನೆ ಎಂದು ಗೋವಿಂದಮ್ಮಾಳಿಗೆ ಸಿಟ್ಟಿರಲಿಲ್ಲ. ಗೆಲ್ಲುವ ಎಲೆಗಳನ್ನು ಕೈಯಲ್ಲೇ ಹಿಡಿದುಕೊಂಡು ಸೋಲುತ್ತಾನಲ್ಲ, ಅದನ್ನು ಮಾತ್ರ ಅವಳಿಂದ ನುಂಗಿಕೊಳ್ಳಲಾಗುತ್ತಿರಲಿಲ್ಲ.

ಚಿನ್ನಮನೂರಿನ ಅವರ ಮನೆಯ ಜಗಲಿಯ ಮೇಲೆ ದಿನಾ ಮಧ್ಯಾಹ್ನ ಇಸ್ಪೀಟು ನಡೆಯುತ್ತಿತ್ತು. ಸಿಲೋನಿನ ಕಾಫಿ ತೋಟಗಳಿಗೆ ಹೋಗಿ ಬಂದವರು ಹೊತ್ತು ತಂದ ಆಟ. ಊರಿನವರು ಅದನ್ನು ಕೇಳ್ವಿ ಆಟ ಎನ್ನುತ್ತಿದ್ದರು. ಎದುರುಬದುರು ಕೂತ ಇಬ್ಬರು ಒಂದು ಜೋಡಿ, ಉಳಿದಿಬ್ಬರು ಇನ್ನೊಂದು. ತಲೆಗೆ ಎಂಟು ಎಲೆ. ಆಟಕ್ಕೆ ಮೊದಲು ‘ನಮ್ಮ ಜೋಡಿ ಇಷ್ಟು ಅಂಕ ಹಿಡಿಯುತ್ತದೆ’ ಎಂದು ಒಬ್ಬರ ಮೇಲೊಬ್ಬರು ಏರಿಸುತ್ತಾ ಹೋಗಬೇಕು. ಹೆಚ್ಚು ಕೇಳಿದವರು ತುರುಪು ಹೇಳುತ್ತಾರೆ. ಕೇಳಿದಷ್ಟು ಹಿಡಿದರೆ ಎದುರಾಳಿಗಳು ಎರಡು ಹುಣಸೆಬೀಜವನ್ನು ನಡುವಿನ ಬಟ್ಟಲಿಗೆ ಹಾಕಬೇಕು, ಹಿಡಿಯದಿದ್ದರೆ ತಾವು ಒಂದು ಹಾಕಬೇಕು. ಯಾರಾದರೂ ‘ಎದುರು’ ಎಂದು ಸವಾಲು ಹಾಕಿದರೆ ಮಾತ್ರ, ಸೋತವರು ಯಾರೇ ಇರಲಿ, ನಾಲ್ಕು ಬೀಜ. ಬೀಜ ಮುಗಿದವರು ಸೋತರು. ರಾಜ ರಾಣಿಯರನ್ನು ಅಲ್ಲಿ ಕೇಳುವವರಿಲ್ಲ; ಎಲ್ಲರಿಗಿಂತ ದೊಡ್ಡವನು ಗುಲಾಮ, ಅವನ ಹಿಂದೆ ಒಂಬತ್ತು, ಎಕ್ಕ, ಹತ್ತು. ಗೋವಿಂದಮ್ಮಾಳಿಗೆ ಆ ಆಟದಲ್ಲಿ ಮೊದಲು ಹಿಡಿಸಿದ್ದೇ ಅದು.

ಅವಳ ಗಂಡ ದುರೈಗೆ ಒಳ್ಳೆಯ ಎಲೆ ಬಂದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಬೆನ್ನು ನೆಟ್ಟಗಾಗುತ್ತಿತ್ತು, ಮೀಸೆ ಮೇಲೇಳುತ್ತಿತ್ತು. “ನೂರೆಂಬತ್ತು!” ಎಂದು ಕಾಲುವೆಯಾಚೆ ನಿಂತವನನ್ನು ಕರೆಯುವಂತೆ ಕೂಗುತ್ತಿದ್ದ. ಅಲ್ಲಿಯವರೆಗೆ ಸರಿ. ಪಕ್ಕದಲ್ಲಿ ಕೂತ ವೇಲುಸಾಮಿ ನೊಣ ಓಡಿಸುವವನ ಹಾಗೆ ಮೆಲ್ಲಗೆ “ಇನ್ನೂರು” ಎನ್ನುತ್ತಿದ್ದ. ಅಷ್ಟೇ, ದುರೈಯ ಬೆನ್ನು ಮತ್ತೆ ಬಾಗುತ್ತಿತ್ತು. ರೋಷ ಬಂದ ದಿನ ಇನ್ನೂರಿಪ್ಪತ್ತು ಎಂದು ಕೂಗಿ ಹಳ್ಳಕ್ಕೆ ಬೀಳುತ್ತಿದ್ದ. ಹೆದರಿದ ದಿನ ಬಾಯಿ ಮುಚ್ಚಿಕೊಂಡು ಆಟವನ್ನು ವೇಲುಸಾಮಿಗೆ ಬಿಟ್ಟುಕೊಡುತ್ತಿದ್ದ. ಎದುರಿಗೆ ಕೂತ ಅವನ ಜೋಡಿಗಾರ, ಚಿಕ್ಕಪ್ಪ ಮೂಕಯ್ಯ, ನಡುವೆ ಯಾರಾದರೂ ಬಾಯಿ ಹಾಕಿದರೆ ತನ್ನ ಕೆಲಸ ಮುಗಿಯಿತೆಂದು ಕಣ್ಣು ಮುಚ್ಚುತ್ತಿದ್ದ.

ಒಳಗೆ ಕೂತು ವೀಳ್ಯದೆಲೆ ಜೋಡಿಸಿ ಕಟ್ಟು ಕಟ್ಟುತ್ತಿದ್ದ ಗೋವಿಂದಮ್ಮಾಳ್ ಇದನ್ನೆಲ್ಲ ಕಿವಿಯಿಂದಲೇ ನೋಡುತ್ತಿದ್ದಳು. ನಾಲ್ಕು ಗಂಡಸರಿಗೆ ತಿಳಿಯದ್ದು ಅವಳಿಗೆ ತಿಳಿದಿತ್ತು. ವೇಲುಸಾಮಿ ಅಡ್ಡ ಬರುವಾಗ ಹತ್ತರಲ್ಲಿ ಏಳು ಸಲ ಅವನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಅವನು ಒಂದು ಬೀಜ ಕೊಟ್ಟು ಎರಡು ಬೀಜದ ಕೈಯನ್ನು ಕೊಲ್ಲುತ್ತಿದ್ದ. ಅವನ ಏಟು ದುರೈಯ ಎಲೆಗಳಿಗಲ್ಲ, ಮೂಕಯ್ಯನ ಬಾಯಿಗೆ. ಜೋಡಿಗಾರನಿಗೆ ಮಾತಾಡಲು ಇದ್ದ ಜಾಗವನ್ನು ಅವನು ತುಂಬಿಬಿಡುತ್ತಿದ್ದ. ಅದಕ್ಕೆ ಮದ್ದು ಒಂದೇ. ಅವನು ಸುಳ್ಳು ಹೇಳುತ್ತಿರುವಾಗ ಏರಿಸಲೂ ಬಾರದು, ಸುಮ್ಮನಿರಲೂ ಬಾರದು, ‘ಎದುರು’ ಎನ್ನಬೇಕು. ನಿಜ ಹೇಳುತ್ತಿರುವಾಗ ತೆಪ್ಪಗಿರಬೇಕು. ಸುಳ್ಳೋ ನಿಜವೋ ಎಂದು ತಿಳಿಯುವುದು ಹೇಗೆ ಎಂಬುದಷ್ಟೇ ಉಳಿದ ಪ್ರಶ್ನೆ. ಉಳಿದದ್ದೆಲ್ಲ ಧೈರ್ಯ. ಅದು ದುರೈ ಹತ್ತಿರ ಇರಲಿಲ್ಲ, ಅವಳ ಹತ್ತಿರ ಬೇಕಾದಷ್ಟಿತ್ತು.

ವೇಲುಸಾಮಿ ಹೊರಗಿನವನಲ್ಲ, ಅವಳ ಸೋದರಮಾವನ ಮಗ, ಅವಳಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಕುಲದ ಕಟ್ಟಳೆಯಂತೆ ಅವಳನ್ನು ಅವನಿಗೇ ಕೊಡಬೇಕಿತ್ತು. ಅತ್ತೆಯ ಮಗಳ ಮೇಲೆ ಗಂಡಿಗೆ ಹಕ್ಕು. ಹೆಣ್ಣಿಗೆ ಹದಿನೈದು, ಗಂಡಿಗೆ ಐದು ಎಂದರೆ ಅವರಲ್ಲಿ ಯಾರೂ ನಗುತ್ತಿರಲಿಲ್ಲ, ಅಂಥ ಮದುವೆಗಳು ಎಷ್ಟೋ ಆಗಿದ್ದವು. ಆದರೆ ಮಾವ ಒಂದು ಜೊತೆ ಎತ್ತು ತೆಗೆದುಕೊಂಡು ಹಕ್ಕು ಬಿಟ್ಟುಕೊಟ್ಟ, ಅವಳು ದುರೈಯ ಹೆಂಡತಿಯಾಗಿ ಚಿನ್ನಮನೂರಿಗೆ ಬಂದಳು. ಈಗ ವೇಲುಸಾಮಿಗೆ ಇಪ್ಪತ್ತೊಂದು. ತಲೆಗೆ ಜರಿ ಅಂಚಿನ ರುಮಾಲು ಸುತ್ತುತ್ತಾನೆ, ಹಿರಿಯರ ಮುಂದೆ ಕಾಲು ಮಡಿಸಿ ಕೂರುತ್ತಾನೆ. ಊರಿಗೆ ಅವನು ಬುದ್ಧಿವಂತ. ಅವಳಿಗೆ ಮಾತ್ರ ಅವನು ತಾನು ಸೊಂಟದ ಮೇಲೆ ಹೊತ್ತು ತಿರುಗಿದ, ಸೆರಗಿನಿಂದ ಮೂಗು ಒರೆಸಿದ ಪಿಳ್ಳೆ. ಮೂಗು ಒರೆಸಿದವರಿಗೆ ಆ ಮೂಗಿನ ಮೇಲೆ ಎಂದಿಗೂ ಮರ್ಯಾದೆ ಹುಟ್ಟುವುದಿಲ್ಲ.

ಎರಡು ವರ್ಷದ ಹಿಂದೆ, ಮಲೆಯಾಚೆಯ ಪೆರಿಯಾರ್ ನೀರು ಸುರಂಗದಲ್ಲಿ ಹರಿದು ಕಣಿವೆಗೆ ಬಂದಾಗ, ಅವನು ಓಡೈಪಟ್ಟಿಯ ಕಲ್ಲು ಹೊಲ ಬಿಟ್ಟು ಬಂದು ಇವರ ತೋಟದ ಪಕ್ಕದಲ್ಲೇ ವೀಳ್ಯದ ಬಳ್ಳಿ ಹಬ್ಬಿಸಿದ. ಎರಡು ತೋಟಕ್ಕೂ ಒಂದೇ ತೂಬು. ವೀಳ್ಯದ ಬಳ್ಳಿಗೆ ಬೆಳಗಿನ ತಂಪು ನೀರು ಬೇಕು. ಬಿಸಿಲೇರಿದ ಮೇಲೆ ಕಟ್ಟಿದ ನೀರಿಗೆ ಬುಡ ಬೆಂದು ಎಲೆ ಹಳದಿಯಾಗುತ್ತದೆ. ಬೆಳಗಿನ ಸರದಿ ಯಾರದು? ಒಂದು ಬೇಸಗೆಯೆಲ್ಲ ಬೈದಾಡಿದರು, ಒಮ್ಮೆ ಗುದ್ದಲಿಯನ್ನೂ ಎತ್ತಿದರು. ದಿಂಡಿಗಲ್ಲಿಗೆ ಹೋಗಿ ವಕೀಲನನ್ನು ಹಿಡಿಯುತ್ತೇನೆಂದು ದುರೈ ಕುಣಿದ. ಆಗ ವೇಲುಸಾಮಿಯೇ ನಗುತ್ತಾ ದಾರಿ ತೋರಿಸಿದ.

“ವಕೀಲ್ರು ಯಾಕಣ್ಣೇ? ನಾವೆಂಗೂ ದಿನಾ ಆಡ್ತೀವಲ್ಲ. ಪಂಗುನಿ ತಿಂಗಳ ಮೊದಲ್ನೇ ದಿನ ಒಂದಾಟ. ತಲಾ ಹನ್ನೆರಡು ಬೀಜ. ಗೆದ್ದೋರಿಗೆ ಬೆಳಗಿನ ನೀರು, ನಮ್ಮ ಮಕ್ಳ ಕಾಲಕ್ಕೂ. ಸೋತೋರು ಮಾತೆತ್ತಂಗಿಲ್ಲ.”

“ಆಮಾ! ಆಡೋಣ!” ಎಂದುಬಿಟ್ಟ ದುರೈ.

ಇಬ್ಬರೂ ಕಂಬಂ ಪೇಟೆಯವರೆಗೆ ನಡೆದು, ಕುಲದವರು ದೇವರೆಂದು ಸಾಕುವ ಹಸುಗಳ ಹಿಂಡಿನ ಮುಂದೆ ನಿಂತು ಮಾತು ಕೊಟ್ಟು ಬಂದರು. ಆ ಹಿಂಡಿನ ಮುಂದೆ ಕೊಟ್ಟ ಮಾತಿನಲ್ಲಿ ಮೋಸ ಮಾಡಿದರೆ ಕುಲದವರು ಮನೆಗೆ ಬೆಂಕಿ ಕೊಡುವುದಿಲ್ಲ, ನೀರು ಕೊಡುವುದಿಲ್ಲ, ಹೆಣ ಹೊರುವುದಿಲ್ಲ. ಗಂಡ ಕುಂಕುಮ ಹಚ್ಚಿಕೊಂಡು ಗೆದ್ದವನಂತೆ ಮನೆಗೆ ಬಂದಾಗ ಗೋವಿಂದಮ್ಮಾಳ್ ಕಾಲಿಗೆ ನೀರು ಕೊಟ್ಟು ಒಳಗೆ ಹೋದಳು. ಬುದ್ಧಿ ಇಲ್ಲದವನ ತೋಟವನ್ನು ಬುದ್ಧಿ ಇದ್ದವನು ಆಡಿ ತೆಗೆದುಕೊಳ್ಳಲು ಹೊರಟಿದ್ದಾನೆ. ಅದು ಮೋಸವಲ್ಲವಂತೆ, ಆಟವಂತೆ. ಹಾಗಾದರೆ ತಾನು ಮಾಡುವುದೂ ಆಟವೇ.

ಮೊದಲು ಅವಳು ಮೂಕಯ್ಯನನ್ನು ಪಳಗಿಸಲು ನೋಡಿದಳು.

“ಮಾಮ, ವೇಲು ಮಧ್ಯ ಬಾಯಾಕ್ದಾಗ ಸುಮ್ಕೆ ಕೂರ್ಬೇಡಿ. ನಿಮ್ಮ ಕೈಯಾಗೆ ಗುಲಾಮ ಇದ್ರೆ ಒಂದ್ಸಲ ಕೆಮ್ಮಿ.”

“ಇಲ್ದಿದ್ರೆ?”

“ಕೆಮ್ಬೇಡಿ.”

“ನಂಗೆ ನಿಜವಾಗ್ಲೂ ಕೆಮ್ಮು ಬಂದ್ರೆ?”

ನಲವತ್ತು ವರ್ಷ ದಿಂಡಿಗಲ್ ಹೊಗೆಸೊಪ್ಪು ಜಗಿದ ಗಂಟಲದು. ಅವಳು ಸಾವಧಾನದಿಂದ ಹೇಳಿದಳು, “ಹಂಗಾರೆ ಮೀಸೆ ತಿರುವಿ.”

“ಮೀಸೆ ತೆಗ್ಸಿ ಏಳು ವರ್ಸ ಆತಲ್ಲ ತಾಯಿ. ಪಳನಿ ದೇವ್ರಿಗೆ ಕೊಟ್ನಲ್ಲ.”

ಅಲ್ಲಿಗೆ ಮೂಕಯ್ಯನನ್ನು ಕೈಬಿಟ್ಟಳು. ಬೇರೆಯವರ ತಲೆಯನ್ನು ನಂಬಿ ಮಾಡುವ ಕೆಲಸ ಕೆಡುತ್ತದೆ ಎಂದು ಅವಳಿಗೆ ಖಾತ್ರಿಯಾಯಿತು. ಗಂಡಸರು ಆಡಲಿ, ನೋಡುವುದೂ ಹೇಳುವುದೂ ತನ್ನೊಬ್ಬಳ ಕೈಯಲ್ಲೇ ಇರಬೇಕು.

ಉಪಾಯ ಹೊಳೆದದ್ದು ವೀಳ್ಯ ಜೋಡಿಸುತ್ತಿದ್ದಾಗ. ಹೊಳೆದದ್ದು ಎನ್ನುವುದಕ್ಕಿಂತ ನೆನಪಾದದ್ದು. ಮದುವೆಗೆ ಮೊದಲು ಓಡೈಪಟ್ಟಿಯಲ್ಲಿ, ತಾಯಿಯ ತವರಲ್ಲಿ ಅವಳು ಬೆಳೆದವಳು. ಅಲ್ಲಿ ಅಜ್ಜಿ ಮೂಕಮ್ಮಾಳ್ ಮಧ್ಯಾಹ್ನದ ಹೊತ್ತು ಗೋಡೆಗೆ ಒರಗಿ, ಪುಟ್ಟ ಒರಳಲ್ಲಿ ಅಡಿಕೆ ಕುಟ್ಟುತ್ತಾ ಕತೆ ಹೇಳುತ್ತಿದ್ದಳು. ಹಗಲು ಕತೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆ ಎಂದು ಯಾರಾದರೂ ಗದರಿದರೆ, “ತಪ್ಲಿ ಬಿಡು, ಓಡೈಪಟ್ಟಿಗೆ ಬೇಕೂಂತ ಬರೋನು ಯಾವನಿದಾನೆ” ಎನ್ನುತ್ತಿದ್ದಳು. ಎಲ್ಲರೂ ಹೊಲಕ್ಕೆ ಹೋಗಿರುತ್ತಿದ್ದರು. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಅವಳು ಕಣ್ಣು ಅರೆ ಮುಚ್ಚುತ್ತಿದ್ದಳು. ಮಣ್ಣಿನ ಗೋಡೆಯ ಮೇಲೆ ಆನೆಗಳು ನಡೆಯುತ್ತಿದ್ದವು, ಸೂರಿನ ಸಂದಿಯಿಂದ ಬಿದ್ದ ಬಿಸಿಲಿನ ಕೋಲು ಅರಮನೆಯ ಕಂಬವಾಗುತ್ತಿತ್ತು.

ಆ ಕತೆಗಳಲ್ಲೊಂದು ಪಗಡೆಯದು. ಒಬ್ಬ ರಾಜ ಶತ್ರುವಿನ ಅರಮನೆಯಲ್ಲಿ ರಾಜ್ಯವನ್ನೇ ಪಣಕ್ಕಿಟ್ಟು ಆಡುತ್ತಾನೆ. ಶತ್ರು ಪ್ರತಿ ಆಟದಲ್ಲೂ ಅಬ್ಬರಿಸಿ ಅವನನ್ನು ಹೆದರಿಸುತ್ತಾನೆ. ರಾಜನ ಹೆಂಡತಿ ತೆರೆಯ ಹಿಂದೆ ಕೂತು, ದಾಸಿಯ ಕೈಯಲ್ಲಿ ವೀಳ್ಯ ಕಳಿಸುತ್ತಾಳೆ. ತುದಿ ಚಿವುಟಿದ್ದರೆ ಶತ್ರು ಹೇಳುತ್ತಿರುವುದು ಸುಳ್ಳು. ತೊಟ್ಟು ಚಿವುಟಿದ್ದರೆ ನಿಜ. ಅಲ್ಲಿಂದ ಮುಂದೆ ರಾಜ ಗೆಲ್ಲತೊಡಗುತ್ತಾನೆ. ಅಷ್ಟರಲ್ಲೇ ಗೋವಿಂದಮ್ಮಾಳಿಗೆ ನಿದ್ದೆ ಬಂದುಬಿಡುತ್ತಿತ್ತು. ಬೇರೆ ಹುಡುಗಿಯರು ತವರಿಂದ ಪಾತ್ರೆ ತಂದರು. ಅವಳು ಆ ಕತೆಯನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ಬಂದಳು. ಹದಿನಾರು ವರ್ಷ ಅದು ಗಂಟಿನಲ್ಲೇ ಇತ್ತು. ಈಗ ಬಿಚ್ಚಿದಳು.

ಜಗಲಿಗೆ ಹೊಂದಿಕೊಂಡು ವೀಳ್ಯದ ಬುಟ್ಟಿಗಳನ್ನಿಡುವ ಕೋಣೆ. ಅದರ ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಅಂಗೈಯಗಲದ ಜಾಲಂಧ್ರ. ಒಳಗೆ ಕತ್ತಲೆ, ಹೊರಗೆ ಬಿಸಿಲು. ಒಳಗಿನಿಂದ ಹೊರಗಿನದು ಕಾಣುತ್ತದೆ, ಹೊರಗಿನವನಿಗೆ ಬರೀ ಕಪ್ಪು ತೂತು. ಅವಳು ಚಾಪೆಯನ್ನು ಎರಡು ಗೇಣು ಸರಿಸಿದಳು. ಸಂಬಂಧದಲ್ಲಿ ಮಾಪಿಳ್ಳೆ, ಅಂದರೆ ಅಳಿಯ, ಆಗಬೇಕಾದ ನೆಂಟನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸುವುದು ಮರ್ಯಾದೆ. ಆ ಮರ್ಯಾದೆಯನ್ನು ಅವಳು ವೇಲುಸಾಮಿಗೆ ತುಂಬು ಮನಸ್ಸಿನಿಂದ ಮಾಡಿದಳು. ಹಾಗೆ ಕೂತರೆ ಜಾಲಂಧ್ರ ಸರಿಯಾಗಿ ಅವನ ಬಲಭುಜದ ಹಿಂದೆ ಬರುತ್ತಿತ್ತು. ಅವನು ಬೀಸಣಿಗೆಯಂತೆ ಹರಡಿ ಹಿಡಿದ ಎಲೆಗಳು ಅವಳಿಗೆ ಪಂಚಾಂಗದ ಹಾಗೆ ಬಿಚ್ಚಿಕೊಂಡವು.

ಇನ್ನು ಗಂಡ. ಅವನಿಗೆ ಕಲಿಸಲು ಹನ್ನೊಂದು ದಿನ ಹಿಡಿಯಿತು.

“ವೇಲು ಅಡ್ಡ ಬಂದ ತಕ್ಷಣ ಏನ್ ಮಾಡ್ಬೇಕು?”

“ಬಾಯೊಣಗ್ತು, ವೀಳ್ಯ ತಾ ಅನ್ಬೇಕು.”

“ನಾನು ತಟ್ಟೆ ತಂದು ನಡುವೆ ಮಡಗ್ತೀನಿ. ಮೇಲಿನ ವೀಳ್ಯ ಮಾತ್ರ ನೋಡ್ಬೇಕು. ತುದಿ ಚಿವುಟಿದ್ರೆ?”

“ಸುಳ್ಳು. ಎದುರು ಅನ್ಬೇಕು.”

“ತೊಟ್ಟು ಚಿವುಟಿದ್ರೆ?”

“ನಿಜ. ಬಾಯ್ಮುಚ್ಕೊಂಡು ವೀಳ್ಯ ತಿನ್ಬೇಕು.”

“ತುದಿ ತೊಟ್ಟು ಎರಡೂ ಚಿವುಟದೆ ಹಂಗೇ ಇದ್ರೆ?”

ದುರೈ ಸೂರಿನ ಕಡೆ ನೋಡಿದ. “ಎರಡೂ ಇದ್ರೆ... ಎದುರು?”

“ಎರಡೂ ಇದ್ರೆ ನಂಗೆ ಅವನ ಕೈ ಸರಿಯಾಗಿ ಕಂಡಿಲ್ಲಾಂತ. ಸುಣ್ಣ ಕೇಳಿ, ಇನ್ನೊಂದ್ಸಲ ನೋಡಿ ಬರ್ತೀನಿ.”

ಅವನು ತಲೆ ಕೆರೆದುಕೊಂಡ. ಅವಳು ಕತೆಯನ್ನೂ ಹೇಳಿದ್ದಳು. ಕತೆಯಾದರೆ ಮಂದಬುದ್ಧಿಗೂ ಅಂಟಿಕೊಳ್ಳುತ್ತದೆ ಎಂದು. ಅವನಿಗೆ ಅಂಟಿದ್ದು ಕತೆ ಮಾತ್ರ.

“ಅಲ್ಲ ಕಣೇ ಪುಳ್ಳೆ, ಆ ರಾಜ ಕಡೇಗೆ ಏನಾದ?”

“ಗೆದ್ದ. ಇನ್ನೇನಾಗ್ತಾನೆ?”

“ನೀನು ಕೇಳಿದ್ಯಾ?”

“ತೊಟ್ಟು ಚಿವುಟಿದ್ರೆ ಏನು, ಅದನ್ನ ಯೋಳಿ ಮೊದ್ಲು!”

ಕತೆಯ ರಾಜರು ಗೆಲ್ಲದೆ ಮತ್ತೇನು ಮಾಡುತ್ತಾರೆ? ದುರೈಯಂಥವನು ಮಾತ್ರ ಕೇಳಬಹುದಾದ ಪ್ರಶ್ನೆ ಎಂದು ಅವಳು ಅಂದುಕೊಂಡಳು.

ಚಳಿಯ ಮಾರ್ಗಳಿ ತಿಂಗಳಲ್ಲಿ ಶುರುವಾದ ಪರೀಕ್ಷೆ ಪಂಗುನಿಗೆ ಹಿಂದಿನ ಮಾಸಿ ಮುಗಿಯುವವರೆಗೆ ನಡೆಯಿತು. ಮೊದಲ ವಾರ ದುರೈ ಎರಡು ಸಲ ತುದಿಗೂ ತೊಟ್ಟಿಗೂ ಗೊಂದಲ ಮಾಡಿಕೊಂಡ. ಆಮೇಲೆ ಕೈ ಕುದುರಿತು. ಅವನು ನೂರೆಂಬತ್ತು ಎನ್ನುವುದು, ವೇಲುಸಾಮಿ ಇನ್ನೂರು ಎನ್ನುವುದು, ಬಾಯೊಣಗುವುದು, ತಟ್ಟೆ ಬರುವುದು. ತುದಿ ಚಿವುಟಿದ ವೀಳ್ಯವನ್ನು ತೊಡೆಗೆ ಒರೆಸುತ್ತಾ ದುರೈ “ಎದುರು” ಎಂದಾಗ ವೇಲುಸಾಮಿಯ ಮುಖ ಇಳಿಯುತ್ತಿತ್ತು. ನಾಲ್ಕು ಬೀಜ ಎಣಿಸಿ ಹಾಕುತ್ತಿದ್ದ. ಅವಳು ಆಸೆಬುರುಕಿಯಾಗಲಿಲ್ಲ. ನಾಲ್ಕರಲ್ಲಿ ಒಂದು ಸಲ ಬೇಕೆಂದೇ ತಪ್ಪು ಕಡೆ ಚಿವುಟಿದ ವೀಳ್ಯ ಕಳಿಸಿ ಗಂಡನನ್ನು ಸೋಲಿಸುತ್ತಿದ್ದಳು. ಯಾವಾಗಲೂ ಗೆಲ್ಲುವವನ ಮೇಲೆ ಕಣ್ಣು ಬೀಳುತ್ತದೆ. ಆಗಾಗ ಗೆಲ್ಲುವವನಿಗೆ ಅದೃಷ್ಟ ಎನ್ನುತ್ತಾರೆ. ಅಡಗಿಸಿಟ್ಟದ್ದನ್ನು ಎಲ್ಲರೂ ಹುಡುಕುತ್ತಾರೆ, ನಾಲ್ವರ ನಡುವೆ ತಟ್ಟೆಯಲ್ಲಿಟ್ಟದ್ದನ್ನು ಯಾರೂ ನೋಡುವುದಿಲ್ಲ ಎಂಬುದು ಅವಳಿಗೆ ದಿನದಿನಕ್ಕೆ ಖಚಿತವಾಯಿತು. ಕೂತವರೆಲ್ಲ ವೀಳ್ಯ ಬೆಳೆಯುವವರು. ಅಕ್ಕಸಾಲಿಗ ಹೆಂಡತಿಯ ಮೂಗುತಿ ನೋಡುವಷ್ಟೂ ಅವರು ವೀಳ್ಯವನ್ನು ನೋಡುವುದಿಲ್ಲ.

ವೇಲುಸಾಮಿಯ ಜೋಡಿಗಾರ ಚಿನ್ನತಂಬಿ, ಅವನ ಹೆಂಡತಿಯ ಅಣ್ಣ, ಆಡುವಾಗಲೂ ತಿನ್ನುವಾಗಲೂ ಮಾತಾಡದವನು, ಒಂದು ದಿನ ಮಾತ್ರ ಗೊಣಗಿದ. “ಏನು ವೇಲು, ಈ ನಡುವೆ ದುರೈ ಅಣ್ಣಂಗೆ ಬಾಯಿ ಜಾಸ್ತಿ ಒಣಗ್ತೈತೆ?”

ಜಾಲಂಧ್ರದ ಹಿಂದೆ ಗೋವಿಂದಮ್ಮಾಳ್ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟಳು.

“ಒಣಗ್ದೆ ಇನ್ನೇನು?” ಎಂದ ವೇಲುಸಾಮಿ. “ಅತ್ತಿಗೆ ಕೈ ವೀಳ್ಯ ಸಿಗೋದಾದ್ರೆ ನಂಗೂ ದಿನಾ ಒಣಗ್ಲಿ. ನಮ್ಮ ಹಣೇಲಿ ಬರೀಲಿಲ್ಲ, ಎತ್ತಿನ ಜೊತೆ ಹೋಯ್ತು.”

ಎಲ್ಲರೂ ನಕ್ಕರು, ದುರೈ ಎಲ್ಲರಿಗಿಂತ ಜೋರಾಗಿ. ಅವಳೂ ಕತ್ತಲೆಯಲ್ಲಿ ತುಟಿ ಸೊಟ್ಟ ಮಾಡಿ ನಕ್ಕಳು. ಪಿಳ್ಳೆಗೆ ಮಾತು ಬಂದಿದೆ, ಕಣ್ಣು ಬಂದಿಲ್ಲ.

ಪಂಗುನಿ ಮೊದಲ ದಿನ ಅವಳು ಜಗಲಿಗೆ ಸಗಣಿ ಸಾರಿಸಿ, ಚಾಪೆಯನ್ನು ಗೇಣು ಹಾಕಿ ಅಳೆದು ಹಾಸಿದಳು. ಜಾಲಂಧ್ರದ ಜೇಡ ತೆಗೆದಳು. ಊರ ಹಿರಿಯ ಬಂದು ಸಾಕ್ಷಿಯಾಗಿ ಮಂಚದ ಮೇಲೆ ಕೂತ. ಬೀದಿಯವರು ಅಂಗಳದಲ್ಲಿ ನಿಂತರು. ತಲಾ ಹನ್ನೆರಡು ಬೀಜ. ದುರೈ ಆ ಬೀಜಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದದ್ದನ್ನು ಕಂಡು ಅವಳಿಗೆ ಅಸಹ್ಯವಾಯಿತು. ಎಲ್ಲವನ್ನೂ ಅರೆದು ಬಾಯಿಗಿಟ್ಟ ಮೇಲೂ ನುಂಗಲು ಇವನಿಗೆ ಭಯ.

ಆಟ ಏರುತ್ತಾ ಇಳಿಯುತ್ತಾ ನಡೆಯಿತು. ಮೂಕಯ್ಯ ಎಚ್ಚರವಾಗಿದ್ದೇ ಎರಡು ತಪ್ಪು ಆಡಿದ. ತಟ್ಟೆ ಮೂರು ಸಲ ಹೊರಗೆ ಹೋಯಿತು, ಮೂರು ಸಲವೂ ವೀಳ್ಯ ಸರಿಯಾಗಿ ಹೇಳಿತು. ಬಿಸಿಲು ಮೆಟ್ಟಿಲಿಗೆ ಬರುವಷ್ಟರಲ್ಲಿ ಎರಡೂ ಕಡೆ ನಾಲ್ಕು ನಾಲ್ಕು ಬೀಜ ಉಳಿದಿದ್ದವು.

ಆಗ ದುರೈಗೆ ಎಲೆ ಬಂದವು. ಬೆನ್ನು ನೆಟ್ಟಗಾಯಿತು. ಆಟೀನಿನ ಗುಲಾಮ, ಒಂಬತ್ತು, ಎಕ್ಕ, ಮೇಲೆ ಇಸ್ಪೇಟಿನ ಗುಲಾಮ. ಮೂರು ತಿಂಗಳಲ್ಲಿ ಅಂಥ ಕೈ ಅವನಿಗೆ ಬಂದಿರಲಿಲ್ಲ.

“ನೂರೆಂಬತ್ತು!”

“ಇನ್ನೂರು,” ಎಂದ ವೇಲುಸಾಮಿ. ಹಿಂದಿನ ಹಾಗೇ, ನೊಣ ಓಡಿಸುವವನಂತೆ.

“ಬಾಯೊಣಗ್ತು,” ಎಂದ ದುರೈ. ಅವನ ದನಿ ನಿಜವಾಗಿಯೂ ಒಣಗಿತ್ತು.

ಗೋವಿಂದಮ್ಮಾಳ್ ಜಾಲಂಧ್ರಕ್ಕೆ ಕಣ್ಣಿಟ್ಟಳು. ಎಲೆಗಳು ಎಂದಿಗಿಂತ ಸ್ಪಷ್ಟವಾಗಿ ಕಂಡವು. ಡೈಮಂಡಿನ ಏಳು, ಡೈಮಂಡಿನ ಎಂಟು. ಇಸ್ಪೇಟಿನ ಏಳು. ಕಳಾವರಿನ ಎಂಟು, ಕಳಾವರಿನ ರಾಣಿ. ಎಲ್ಲಾ ಕಸ. ಇಷ್ಟು ಬೆತ್ತಲೆ ಸುಳ್ಳನ್ನು ಅವನು ಇದುವರೆಗೆ ಹೇಳಿರಲಿಲ್ಲ. ಅವಳ ಎದೆಯಲ್ಲಿ ಬೆಳಗಿನ ನೀರು ಹರಿದ ಹಾಗಾಯಿತು. ತಂಪಾಗಿ, ಬಳ್ಳಿಯ ಬುಡದಿಂದ ಬುಡಕ್ಕೆ. ಅವಸರವಿಲ್ಲದೆ ಒಂದು ಒಳ್ಳೆಯ ವೀಳ್ಯ ಆರಿಸಿ, ಉಗುರಿನಿಂದ ತುದಿ ಚಿವುಟಿ, ಮೇಲಿಟ್ಟಳು. ಸೆರಗು ಹೊದ್ದು ಹೊರಗೆ ಹೋಗಿ ತಟ್ಟೆಯನ್ನು ನಾಲ್ವರ ನಡುವೆ ಇಟ್ಟು ಬಂದಳು.

“ಎದುರು!” ದುರೈಯ ಕೂಗಿಗೆ ಅಂಗಳದ ಕೋಳಿಗಳು ಹಾರಿದವು.

“ಆಗ್ಲಿ ಅಣ್ಣೇ,” ಎಂದ ವೇಲುಸಾಮಿ. “ಡೈಮಂಡು ತುರುಪು.”

ಮೊದಲ ಸುತ್ತಿಗೇ ದುರೈ ಆಟೀನಿನ ಗುಲಾಮನನ್ನು ಚಾಪೆಯ ಮೇಲೆ ಹೊಡೆದ. ವೇಲುಸಾಮಿ ಡೈಮಂಡಿನ ಏಳನ್ನು ಅದರ ಮೇಲೆ ಮೆಲ್ಲಗಿಟ್ಟು ಎತ್ತಿಕೊಂಡ. ಅವನ ಕೈಯಲ್ಲಿ ಒಂದೂ ಆಟೀನು ಇರಲಿಲ್ಲ. ಆಮೇಲೆ ಅವನು ಡೈಮಂಡಿನ ಗುಲಾಮನನ್ನು ಇಳಿಸಿದ. ಅದರ ಹಿಂದೆ ಒಂಬತ್ತು. ಅದರ ಹಿಂದೆ ಎಕ್ಕ. ಜಾಲಂಧ್ರದ ಹಿಂದೆ ನಿಂತವಳಿಗೆ ಆ ಮೂರೂ ಎಲೆಗಳು ಗಾಳಿಯಿಂದ ಹುಟ್ಟಿ ಬಂದಂತೆ ಕಂಡವು. ಚಿನ್ನತಂಬಿ ಮಾತಾಡದೆ ಕಳಾವರಿನ ಗುಲಾಮನನ್ನೂ ಒಂಬತ್ತನ್ನೂ ಸೇರಿಸಿದ. ಮೂಕಯ್ಯ ತುರುಪಿನ ಹತ್ತನ್ನು ಯಾರೂ ಕೇಳದೆ ತಾನಾಗಿ ಒಪ್ಪಿಸಿದ. ಎಣಿಸಿದಾಗ ಇನ್ನೂರಕ್ಕೆ ಎಂಟು ಹೆಚ್ಚೇ ಇತ್ತು.

ದುರೈ ನಾಲ್ಕು ಬೀಜಗಳನ್ನು ಒಂದೊಂದಾಗಿ ತಳ್ಳಿದ. ಬಾಯಲ್ಲಿದ್ದ ವೀಳ್ಯವನ್ನು ಜಗಿಯುವುದು ಅವನಿಗೆ ಮರೆತುಹೋಗಿತ್ತು.

“ಮುಗೀತು,” ಎಂದ ಊರ ಹಿರಿಯ. “ಬೆಳಗಿನ ನೀರು ವೇಲುಸಾಮೀದು. ಮಾತು ದೇವರ ಹಿಂಡಿನ ಮುಂದೆ ಆಗೈತೆ, ಇನ್ನು ಯಾರೂ ತುಟಿ ಬಿಚ್ಚಂಗಿಲ್ಲ.”

ಗೋವಿಂದಮ್ಮಾಳ್ ಬುಟ್ಟಿಗಳ ನಡುವೆ ಕೂತು ಲೆಕ್ಕ ಹಾಕಿದಳು. ತಲೆಗೆ ಎಂಟು ಎಲೆ. ಅವಳು ಕಂಡದ್ದು ಐದು. ಕಣ್ಣು ಮುಚ್ಚಿ ನೂರು ವೀಳ್ಯ ಎಣಿಸಿ ಕಟ್ಟುವ ಕೈ ಅವಳದು, ಎಂಟು ಇಸ್ಪೀಟೆಲೆ ಎಣಿಸಿರಲಿಲ್ಲ. ಮೂರನ್ನು ಅವನು ಉಳಿದವುಗಳ ಹಿಂದೆ ಒತ್ತಿ ಹಿಡಿದಿದ್ದ, ಜಾಲಂಧ್ರಕ್ಕೆ ಕಸವನ್ನಷ್ಟೇ ತೋರಿಸಿದ್ದ. ಅದು ಅರ್ಥವಾಯಿತು. ಅರ್ಥವಾಗದ್ದು ಬೇರೆ. ಯಾರೋ ನೋಡುತ್ತಿದ್ದಾರೆ ಎಂದು ಅವನಿಗೆ ಹೇಳಿದವರು ಯಾರು? ದುರೈಯಾ? ಅವನಿಗೆ ಮೋಸ ಮಾಡುವಷ್ಟು ಬುದ್ಧಿ ಇದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ವೀಳ್ಯದ ಮಾತು ಬಲ್ಲವರು ಮನೆಯಲ್ಲಿ ಇಬ್ಬರೇ, ಊರಿನಲ್ಲೂ ಇಬ್ಬರೇ.

ಬಾಗಿಲಲ್ಲಿ ನೆರಳು ಬಿತ್ತು. ವೇಲುಸಾಮಿ ಖಾಲಿ ತಟ್ಟೆಯನ್ನು ತಾನೇ ಒಳಗೆ ತಂದಿದ್ದ. “ತಗೊಳ್ಳಿ ಅತ್ತಿಗೆ,” ಎಂದು ಎರಡೂ ಕೈಯಿಂದ ಮರ್ಯಾದೆಯಾಗಿ ಚಾಚಿದ. ತಟ್ಟೆ ಪೂರ್ತಿ ಖಾಲಿಯಾಗಿರಲಿಲ್ಲ. ನಡುವೆ ಒಂದೇ ಒಂದು ವೀಳ್ಯವಿತ್ತು. ಅದರ ತುದಿಯನ್ನೂ ತೊಟ್ಟನ್ನೂ ಬಾಗಿಸಿ ಒಂದಕ್ಕೊಂದು ಕೂಡಿಸಿ, ಕರಿಜಾಲಿಯ ಒಣ ಮುಳ್ಳು ಚುಚ್ಚಿತ್ತು. ಜಗಲಿಯ ಸುತ್ತ ಎಲ್ಲೂ ಜಾಲಿಯಿಲ್ಲ. ಮುಳ್ಳನ್ನು ಬೆಳಗ್ಗೆಯೇ ರುಮಾಲಿನಲ್ಲಿಟ್ಟುಕೊಂಡು ಬಂದಿದ್ದ. “ಕತೆ ಕಡೇಲಿ ಗೆದ್ದ ಶತ್ರು ರಾಜ ಆ ರಾಣಿಗೆ ವಾಪಸ್ ಕಳಿಸಿದ ವೀಳ್ಯ ಇದು,” ಎಂದ ದನಿ ತಗ್ಗಿಸಿ. “ನಿಮ್ಗೆ ಗೊತ್ತಿರಾಕಿಲ್ಲ. ಅಷ್ಟೊತ್ಗೆ ಗೋವಿಂದು ನಿದ್ದೆ ಹೋಗ್ಬಿಡ್ತಿದ್ಲು ಅಂತ ಅಜ್ಜಿ ದಿನಾ ನಗ್ತಿತ್ತು. ಎದರ್ಬೇಡಿ, ಯಾರಿಗೂ ಯೋಳಲ್ಲ. ನೀರು ಬಿಡೋವಾಗ ಕೂಗ್ತೀನಿ.” ಅವನು ಹೋದ. ಗೋವಿಂದಮ್ಮಾಳ್ ತಟ್ಟೆ ಹಿಡಿದು ನಿಂತೇ ಇದ್ದಳು. ನಾಲ್ಕು ವರ್ಷದ ಹಿಂದೆ ಅವಳೇ ಓಡೈಪಟ್ಟಿಗೆ ಹೋಗಿ ಅಜ್ಜಿಯ ಹೆಣಕ್ಕೆ ನೀರೆರೆದು ಬಂದಿದ್ದಳು. ಆದರೂ ತಾನು ಮದುವೆಯಾಗಿ ಆ ಮನೆ ಬಿಟ್ಟ ದಿನವೇ ಅಲ್ಲಿ ಕತೆ ನಿಂತುಹೋಯಿತು ಎಂದು ಹದಿನಾರು ವರ್ಷ ನಂಬಿಕೊಂಡಿದ್ದಳು. ಆ ಮದುವೆಯಾದ ಮೇಲೆ ಅಜ್ಜಿ ಇನ್ನೂ ಹನ್ನೆರಡು ವರ್ಷ ಬದುಕಿದ್ದಳು. ಅವಳ ತೊಡೆ ಖಾಲಿಯಿತ್ತು, ಮನೆಯಲ್ಲಿ ಐದು ವರ್ಷದ ಮೊಮ್ಮಗನಿದ್ದ, ಮತ್ತು ಓಡೈಪಟ್ಟಿಯಲ್ಲಿ ದಿನಾ ಮಧ್ಯಾಹ್ನವಾಗುತ್ತಿತ್ತು.